ಕಸ ಉಳಿಸದ ಸಂಗೀತೋತ್ಸವ: ಸಭೆಗಳ ಕಾರ್ಯದರ್ಶಿಗಳಿಗೆ ಸಮಗ್ರ ಮಾರ್ಗದರ್ಶಿ

"ಮೂರು ಬಣ್ಣದ ಡಬ್ಬಿ ಇಟ್ಟೆವು, ಮೈಕಿನಲ್ಲಿ ದಿನವೂ ಹೇಳಿದೆವು, ಆದರೂ ಕೊನೆಗೆ ಎಲ್ಲವೂ ಒಂದೇ ರಾಶಿಯಾಯಿತು." ರಾಮನವಮಿ ಸಂಗೀತೋತ್ಸವ ಮುಗಿದ ಮೇಲೆ ಪ್ರತಿವರ್ಷ ಒಂದಲ್ಲ ಒಂದು ಸಭೆಯವರು, ಅಂದರೆ ಸಂಗೀತ ಕಚೇರಿ ಏರ್ಪಡಿಸುವ ಸಂಸ್ಥೆಯವರು, ಹೇಳುವ ಮಾತಿದು. ಹೇಳುವವರು ಪ್ರಾಮಾಣಿಕವಾಗಿ ದುಡಿದವರೇ. ಅವರು ಎಡವಿದ್ದು ಕೆಲಸದ ಅನುಕ್ರಮದಲ್ಲಿ. ಉತ್ಸವದ ಸಂಜೆ ಡಬ್ಬಿಗೆ ಬೀಳುವ ಲೋಟ, ಬ್ಯಾನರ್, ಬಾಟಲಿ, ಜರಿ ಹಾರ ಇವನ್ನೆಲ್ಲ ಸಭೆಯೇ ತಿಂಗಳುಗಳ ಮುಂಚೆ ದುಡ್ಡು ಕೊಟ್ಟು ತರಿಸಿರುತ್ತದೆ, ಇಲ್ಲವೇ ತರಲು ಒಪ್ಪಿಗೆ ಕೊಟ್ಟಿರುತ್ತದೆ. ಆ ಒಪ್ಪಿಗೆಯ ದಿನ ಕೆಲಸ ಶುರುವಾಗಬೇಕು. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಡಬ್ಬಿಗಳು ಬರುವುದು ಎಂಟನೆಯ ಹಂತದಲ್ಲಿ.

ಇಲ್ಲಿ ಗಮನದಲ್ಲಿಟ್ಟುಕೊಂಡಿರುವುದು ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಶಾಮಿಯಾನದಡಿ ಅಥವಾ ಬಾಡಿಗೆ ಸಭಾಂಗಣದಲ್ಲಿ ಒಂದು ವಾರದಿಂದ ಹತ್ತು ದಿನ ನಡೆಯುವ, ದಿನಕ್ಕೆ 300ರಿಂದ 500 ರಸಿಕರು ಬರುವ ಉತ್ಸವವನ್ನು. ಹುಬ್ಬಳ್ಳಿ, ಧಾರವಾಡದ ಸಂಗೀತ ಸಮ್ಮೇಳನಗಳಿಗೂ ಇದೇ ಹಂತಗಳು ಸಲ್ಲುತ್ತವೆ. ಅಹೋರಾತ್ರಿ ಬೈಠಕ್ (ಬೆಳಗಿನವರೆಗೂ ನಡೆಯುವ ಸಂಗೀತ ಕಚೇರಿ) ಇದ್ದರೆ ಹಂತ 4ರ ಕೊನೆಯ ಬಸ್ಸಿನ ಲೆಕ್ಕ ಬಿಟ್ಟು, ಚಹಾದ ಲೆಕ್ಕ ದುಪ್ಪಟ್ಟು ಮಾಡಿಕೊಂಡರಾಯಿತು.

## ಕೈಗೆ ಬೇಕಾದ ಸಾಮಗ್ರಿ ಮತ್ತು ಕಾಲಪಟ್ಟಿ

ಹುಕ್ಕಿಗೆ ನೇತು ಹಾಕಿ ತೂಗುವ ಸಣ್ಣ ತಕ್ಕಡಿ, ಒಂದು ನೋಟ್‌ಬುಕ್, ನಲ್ಲಿ ಇರುವ ಮುಚ್ಚಳದ ದೊಡ್ಡ ಡ್ರಮ್‌ಗಳು, ಬಾಡಿಗೆಯ ಸ್ಟೀಲ್ ಲೋಟಗಳು, ನಾಲ್ಕು ಅಗಲವಾದ ಟಬ್ಬುಗಳು, ಗೋಣಿಚೀಲಗಳು, ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ, ಹಸಿರು, ನೀಲಿ, ಕೆಂಪು ಡಬ್ಬಿಗಳು. ಇಷ್ಟರಲ್ಲಿ ಹೊಸದಾಗಿ ಕೊಳ್ಳಬೇಕಾದದ್ದು ತಕ್ಕಡಿ ಒಂದೇ ಇರಬಹುದು. ಉಳಿದದ್ದು ಬಾಡಿಗೆಗೆ ಅಥವಾ ಎರವಲಿಗೆ ಸಿಗುತ್ತದೆ.

ಕಾಲದ ಮಟ್ಟಿಗೆ ಉತ್ಸವಕ್ಕೆ 90 ದಿನ ಇರುವಾಗ ಹಂತ 1 ಮತ್ತು 2 ಮುಗಿದಿರಬೇಕು. 60 ದಿನ ಇರುವಾಗ ಹಂತ 3 ಮತ್ತು 4. ವಿದ್ಯುತ್ತು, ವೇದಿಕೆ, ಊಟ-ಪಾನೀಯದ ಕೆಲಸ 30 ದಿನದೊಳಗೆ. ಈ ಕ್ರಮ ತಪ್ಪಿದರೆ ಮುಂದಿನ ಹಂತಗಳಲ್ಲಿ ಎಷ್ಟು ಬೆವರು ಸುರಿಸಿದರೂ ಅದು ಅಂದಿನ ತೇಪೆಯ ಕೆಲಸವಾಗಿಯೇ ಉಳಿಯುತ್ತದೆ.

## ಹಂತ 1: ಹಳೆಯ ಬಿಲ್ಲುಗಳನ್ನು ಓದುವುದು

ಕಳೆದ ವರ್ಷದ ಖರ್ಚಿನ ಫೈಲು ತೆಗೆದು ಪ್ರತಿ ಬಿಲ್ಲಿನ ಪಕ್ಕದಲ್ಲಿ ಒಂದೇ ಪ್ರಶ್ನೆ ಬರೆಯಿರಿ: ಈ ವಸ್ತು ಈಗ ಎಲ್ಲಿದೆ? ಕಾಗದದ ಲೋಟ, ನೀರಿನ ಬಾಟಲಿ, ಫ್ಲೆಕ್ಸ್, ಥರ್ಮೊಕೋಲ್ ಅಕ್ಷರ, ಹಾರ, ಡೀಸೆಲ್, ಮಿಕ್ಕ ಆಹ್ವಾನ ಪತ್ರಿಕೆಯ ಕಟ್ಟು, ಎಲ್ಲಕ್ಕೂ ಉತ್ತರ ಬೇಕು. "ಕಸದ ಲಾರಿಗೆ ಹೋಯಿತು", "ಸುಟ್ಟೆವು", "ಸಭೆಯ ಬೀರುವಿನಲ್ಲಿದೆ", ಯಾವುದಾದರೂ ಸರಿ.

ಸಂಜೆಯೊಂದರಲ್ಲಿ ಮುಗಿಯುವ ಕೆಲಸ ಇದು. ಪರಿಸರ ತಜ್ಞರನ್ನು ಕರೆಸಬೇಕಿಲ್ಲ, ಖಜಾಂಚಿಯವರು ಪಕ್ಕದಲ್ಲಿ ಕುಳಿತಿದ್ದರೆ ಸಾಕು. ಅವರಿಗೆ ಗೊತ್ತಿಲ್ಲದ ಖರ್ಚು ಸಭೆಯಲ್ಲಿ ಯಾವುದೂ ಇರುವುದಿಲ್ಲ.

ಬಿಲ್ಲಿಲ್ಲದೆ ಬರುವ ವಸ್ತುಗಳನ್ನು ಮರೆಯುವುದು ಸಾಮಾನ್ಯ ತಪ್ಪು. ಪ್ರಾಯೋಜಕರು ತಾವೇ ತಂದು ಕಟ್ಟುವ ಬ್ಯಾನರು, ದಾನಿಗಳು ಕಳಿಸುವ ಬಾಟಲಿ ನೀರಿನ ಪೆಟ್ಟಿಗೆ, ಭಕ್ತರು ತರುವ ಪ್ರಸಾದದ ಪ್ಲಾಸ್ಟಿಕ್ ಪೊಟ್ಟಣ, ಇವೂ ಪಟ್ಟಿಯಲ್ಲಿ ಇರಲಿ. ಎಷ್ಟೋ ಕಡೆ ದೊಡ್ಡ ರಾಶಿ ಇವುಗಳದ್ದೇ.

## ಹಂತ 2: ನಿರ್ಣಯ ಮತ್ತು ಅಧಿಕಾರ

"ಹಸಿರು ಉಪಸಮಿತಿ" ಎಂದು ಕಾಲೇಜು ಹುಡುಗರನ್ನು ಕೂಡಿಸಿ ಅವರಿಗೆ ಟೀ-ಶರ್ಟ್ ಕೊಟ್ಟು ಸುಮ್ಮನಾಗುವ ಪದ್ಧತಿ ಇದೆ. ಅದು ನಡೆಯುವುದಿಲ್ಲ. ಆ ಹುಡುಗರಿಗೆ ಅಡುಗೆ ಗುತ್ತಿಗೆದಾರರನ್ನು ತಡೆದು ನಿಲ್ಲಿಸುವ ಅಧಿಕಾರವಿರುವುದಿಲ್ಲ. ಬಿಲ್ಲು ಪಾಸು ಮಾಡುವ ಇಬ್ಬರಲ್ಲಿ ಒಬ್ಬರು ಈ ಕೆಲಸದ ಹೊಣೆ ಹೊರಬೇಕು.

ಕಾರ್ಯಕಾರಿ ಸಮಿತಿಯ ನಡಾವಳಿ ಪುಸ್ತಕದಲ್ಲಿ ನಾಲ್ಕು ಸಾಲಿನ ನಿರ್ಣಯ ಬರೆಸಿ: ಒಮ್ಮೆ ಬಳಸಿ ಎಸೆಯುವ ಲೋಟ, ತಟ್ಟೆ, ಬಾಟಲಿ ಇಲ್ಲ. ಫ್ಲೆಕ್ಸ್ ಇಲ್ಲ. ಥರ್ಮೊಕೋಲ್ ಇಲ್ಲ. ಈ ಷರತ್ತು ಮೀರಿದ ಬಿಲ್ಲು ಪಾಸಾಗುವುದಿಲ್ಲ. ಯಾರಾದರೂ ಆಕ್ಷೇಪ ಎತ್ತಿದರೆ ಕಾನೂನು ನಿಮ್ಮ ಕಡೆಗಿದೆ. ಪ್ಲಾಸ್ಟಿಕ್ ಕೈಚೀಲ, ಬ್ಯಾನರ್, ಫ್ಲೆಕ್ಸ್, ತಟ್ಟೆ, ಲೋಟ, ಚಮಚ, ಥರ್ಮೊಕೋಲ್ ಸಾಮಗ್ರಿಗಳನ್ನು ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿಯೇ ನಿಷೇಧಿಸಿದೆ. 2022ರ ಜುಲೈ 1ರಿಂದ ಜಾರಿಯಲ್ಲಿರುವ ದೇಶವ್ಯಾಪಿ ನಿಷೇಧದ ಪಟ್ಟಿಯಲ್ಲಿ ಅಲಂಕಾರದ ಥರ್ಮೊಕೋಲ್ ಅಷ್ಟೇ ಅಲ್ಲ, ಆಹ್ವಾನ ಪತ್ರಿಕೆ ಮತ್ತು ಸಿಹಿ ಡಬ್ಬಿಯ ಮೇಲೆ ಸುತ್ತುವ ತೆಳು ಹಾಳೆಯೂ ಇದೆ.

## ಹಂತ 3: ಪ್ರಾಯೋಜಕರು ಮತ್ತು ಗುತ್ತಿಗೆದಾರರೊಡನೆ ಒಪ್ಪಂದ

ಇಡೀ ಕೆಲಸ ನಿಂತಿರುವುದು ಇಲ್ಲಿ. ಇಲ್ಲಿ ಸಂಕೋಚಪಟ್ಟವರು ಮುಂದೆ ಎಲ್ಲಿಯೂ ಗೆಲ್ಲಲಾರರು.

ಪ್ರಾಯೋಜಕರಿಗೆ ಬೇಕಾದದ್ದು ಹೆಸರು ಕಾಣುವುದು. ಫ್ಲೆಕ್ಸ್ ಬೇಡ ಎಂದು ಮಾತ್ರ ಹೇಳಿದರೆ ಅವರು ಮುನಿಸಿಕೊಳ್ಳುತ್ತಾರೆ. ಫ್ಲೆಕ್ಸಿಗೆ ಬದಲಾಗಿ ಏನು ಸಿಗುತ್ತದೆ ಎಂಬುದನ್ನು ಅದೇ ಪತ್ರದಲ್ಲಿ ಹೇಳಿದರೆ ಒಪ್ಪುತ್ತಾರೆ. ದ್ವಾರದ ಬಳಿ ಎಲ್ಲ ಪ್ರಾಯೋಜಕರ ಹೆಸರು ಬರೆದ ಬಟ್ಟೆಯ ಒಂದೇ ಫಲಕ, ಸಂಗೀತ ಕಚೇರಿಗೆ ಮೊದಲು ಹೆಸರಿನ ಘೋಷಣೆ, ಲೋಟ ತೊಳೆಯುವ ಜಾಗದಲ್ಲಿ "ಈ ಲೋಟಗಳ ಬಾಡಿಗೆ ಇಂಥವರ ಕೊಡುಗೆ" ಎಂಬ ಬರಹ. ಈ ಕೊನೆಯದಕ್ಕೆ ನಿರೀಕ್ಷೆಗಿಂತ ಹೆಚ್ಚು ಬೇಡಿಕೆ ಬರುತ್ತದೆ. ರಸಿಕರು ಸಾಲಿನಲ್ಲಿ ನಿಲ್ಲುವ ಜಾಗ ಅದು, ಓದದೆ ವಿಧಿಯಿಲ್ಲ.

ಸ್ಮರಣ ಸಂಚಿಕೆ ಮತ್ತೊಂದು ಗಂಟು. ಜಾಹೀರಾತಿನ ಹಣ ಅದರಿಂದ ಬರುವ ಕಾರಣ ಬಿಡಲಾಗದು. ಬಿಡುವುದೂ ಬೇಡ. ಪ್ರತಿಗಳನ್ನು ಇಳಿಸಿ. ಜಾಹೀರಾತುದಾರರಿಗೆ, ಕಲಾವಿದರಿಗೆ, ಆಜೀವ ಸದಸ್ಯರಲ್ಲಿ ಕೇಳಿದವರಿಗೆ ಮಾತ್ರ ಮುದ್ರಿತ ಪ್ರತಿ ಕೊಟ್ಟು, ಉಳಿದವರಿಗೆ ಮೊಬೈಲಿಗೆ ಕಳಿಸಿ. ಆಹ್ವಾನ ಪತ್ರಿಕೆಗೂ ಇದೇ ಸೂತ್ರ. ಹಿರಿಯ ಸದಸ್ಯರು ಅಂಚೆಯಲ್ಲಿ ಬರುವ ಪತ್ರಿಕೆಯನ್ನೇ ನಂಬಿರುತ್ತಾರೆ, ಅವರನ್ನು ನೋಯಿಸಬೇಡಿ. ಲ್ಯಾಮಿನೇಷನ್ ಇಲ್ಲದ, ಎರಡು ಮಡಿಕೆಯ ಸಾದಾ ಹಾಳೆ ಕಳಿಸಿ. ಅದನ್ನು ಅವರು ಹತ್ತು ದಿನವೂ ಜೇಬಿನಲ್ಲಿಟ್ಟುಕೊಂಡು ಬರುತ್ತಾರೆ.

ಶಾಮಿಯಾನ, ಅಡುಗೆ, ಧ್ವನಿ-ಬೆಳಕು, ಈ ಮೂವರ ಒಪ್ಪಂದದಲ್ಲೂ ಷರತ್ತು ಲಿಖಿತವಾಗಿರಲಿ. ಅಡುಗೆಯವರ ದರಪಟ್ಟಿಯಲ್ಲಿ ಲೋಟ, ತಟ್ಟೆಯ ಬಾಬತ್ತು ಬೇರೆ ಸಾಲಿನಲ್ಲಿ ಬರಲಿ. "ಎಲ್ಲ ಸೇರಿ ತಲೆಗೆ ಇಷ್ಟು" ಎಂಬ ದರ ಒಪ್ಪಿಕೊಂಡರೆ ಅವರು ಅಗ್ಗದ ಲೋಟವನ್ನೇ ತರುತ್ತಾರೆ, ಅದು ಅವರ ತಪ್ಪೂ ಅಲ್ಲ.

ಅಪಾಯದ ಸೂಚನೆ: "ಅದೆಲ್ಲ ನಾನು ನೋಡಿಕೊಳ್ಳುತ್ತೇನೆ ಸರ್, ನೀವು ಯೋಚನೆ ಮಾಡಬೇಡಿ." ಗುತ್ತಿಗೆದಾರರು ಹೀಗೆಂದರೆ ಆ ಕ್ಷಣವೇ ಯೋಚನೆ ಶುರುಮಾಡಿ, ಷರತ್ತನ್ನು ಬರವಣಿಗೆಯಲ್ಲಿ ಪಡೆಯಿರಿ. ಕೊನೆಯ ಕಂತಿನ ಒಂದು ಪಾಲು ಮೈದಾನ ಪರಿಶೀಲನೆಯ ಬಳಿಕವೇ ಸಂದಾಯ ಎಂದು ಸೇರಿಸಿದರೆ ಮಾತು ಬಿಗಿಯಾಗುತ್ತದೆ.

## ಹಂತ 4: ಪ್ರಯಾಣ, ಕಲಾವಿದರದ್ದು ಮತ್ತು ರಸಿಕರದ್ದು

ಹೊಗೆಯ ಲೆಕ್ಕದಲ್ಲಿ ಎಲ್ಲರ ಕಣ್ಣು ಜನರೇಟರ್ ಮೇಲೆ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. 400 ರಸಿಕರು ಬಂದ ಸಂಜೆ 100 ಕಾರು ನಿಂತಿವೆ ಎನ್ನೋಣ. ಪ್ರತಿ ಕಾರು ಹೋಗಿಬರಲು 16 ಕಿಲೋಮೀಟರ್ ಓಡಿದರೆ ಒಟ್ಟು 1,600 ಕಿಲೋಮೀಟರ್. ಲೀಟರಿಗೆ 15ರಂತೆ ಸುಮಾರು 107 ಲೀಟರ್ ಪೆಟ್ರೋಲ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ ಸಂಜೆಗೆ 245 ಕಿಲೋ. ಜನರೇಟರ್ ಐದು ತಾಸು ಓಡಿ 40 ಲೀಟರ್ ಡೀಸೆಲ್ ಕುಡಿದರೂ, ಲೀಟರಿಗೆ 2.7 ಕಿಲೋದಂತೆ ಬರುವುದು 108 ಕಿಲೋ. ನಿಮ್ಮ ಸಭೆಯ ಅಂಕಿಗಳನ್ನು ಹಾಕಿಕೊಂಡು ಇದೇ ಲೆಕ್ಕ ಮಾಡಿ. ಬಹುತೇಕ ಕಡೆ ಕಾರುಗಳೇ ಮುಂದಿರುತ್ತವೆ.

ಹಾಗಾಗಿ ಕಚೇರಿ ಮುಗಿಯುವ ವೇಳೆಯೇ ಪರಿಸರದ ವಿಷಯ. ತನಿ ಆವರ್ತನ (ತಾಳವಾದ್ಯದವರು ಮಾತ್ರ ನುಡಿಸುವ ಭಾಗ) ಶುರುವಾಗುತ್ತಿದ್ದಂತೆ ಜನ ಏಳುವುದು ನಮ್ಮ ಹಳೆಯ ಕಾಯಿಲೆ, ಅದರಲ್ಲಿ ಅರಸಿಕತೆ ಎಷ್ಟಿದೆಯೋ ಕೊನೆಯ ಬಸ್ಸಿನ ಭಯವೂ ಅಷ್ಟೇ ಇದೆ. ಕಚೇರಿಯ ಕೊನೆಯ ಹಾಡಾದ ಮಂಗಳ ಒಂಬತ್ತೂಕಾಲಕ್ಕೆ ಮುಗಿಯುತ್ತದೆ ಎಂಬ ಖಾತರಿ ಇದ್ದರೆ ಬಸ್ಸು, ಮೆಟ್ರೊ ನೆಚ್ಚಿ ಬರುವವರು ಹೆಚ್ಚುತ್ತಾರೆ, ಮೃದಂಗದವರ ಕೊರಗೂ ತಗ್ಗುತ್ತದೆ. ಖಾತರಿ ಕೊಡಬೇಕಾದರೆ ಆರಕ್ಕೆ ಎಂದದ್ದು ಆರಕ್ಕೇ ಶುರುವಾಗಬೇಕು. ಸನ್ಮಾನ ಭಾಷಣ ಮಧ್ಯದಲ್ಲಿ ನುಗ್ಗಬಾರದು.

ಆಹ್ವಾನ ಪತ್ರಿಕೆಯಲ್ಲಿ "ಸರ್ವರಿಗೂ ಸ್ವಾಗತ"ದ ಕೆಳಗೆ ಹತ್ತಿರದ ಮೆಟ್ರೊ ನಿಲ್ದಾಣ, ಬಸ್ ನಿಲ್ದಾಣ, ಅಲ್ಲಿಂದ ನಡೆಯುವ ದಾರಿ ಮುದ್ರಿಸಿ. ರಾಮಸೇವಾ ಮಂಡಳಿಯ ಉತ್ಸವಕ್ಕೆ ಹೆಸರಾದ ಬೆಂಗಳೂರಿನ ಕೋಟೆ ಪ್ರೌಢಶಾಲೆಯ ಮೈದಾನದ ಹತ್ತಿರವೇ ಕೃಷ್ಣರಾಜೇಂದ್ರ ಮಾರುಕಟ್ಟೆಯ ಮೆಟ್ರೊ ನಿಲ್ದಾಣವಿದೆ. ನಿಮ್ಮ ಜಾಗ ನಿಲ್ದಾಣದಿಂದ ದೂರವಿದ್ದರೆ ಹಿರಿಯರಿಗಾಗಿ ಒಂದೆರಡು ವಿದ್ಯುತ್ ಆಟೊಗಳನ್ನು ಸಂಜೆಯ ಮಟ್ಟಿಗೆ ಗೊತ್ತು ಮಾಡಿ. ಬಡಾವಣೆವಾರು ವಾಟ್ಸ್ಆ್ಯಪ್ ಗುಂಪು ಮಾಡಿಕೊಟ್ಟರೆ ಕಾರು ಹಂಚಿಕೊಳ್ಳುವುದನ್ನು ರಸಿಕರೇ ನೋಡಿಕೊಳ್ಳುತ್ತಾರೆ.

ಕಲಾವಿದರ ವಿಷಯಕ್ಕೆ ಬಂದರೆ, ಚೆನ್ನೈನಿಂದ ಬರುವವರಿಗೆ ರೈಲು ಕಷ್ಟವೇನಲ್ಲ. ವಂದೇ ಭಾರತ್ ಮತ್ತು ಶತಾಬ್ದಿ ಹಗಲಿನಲ್ಲಿ ನಾಲ್ಕೂವರೆಯಿಂದ ಐದು ತಾಸಿನಲ್ಲಿ ಬೆಂಗಳೂರು ಮುಟ್ಟಿಸುತ್ತವೆ. ಮೈಸೂರಿನಿಂದ ಹಿಂತಿರುಗಲು ರಾತ್ರಿಯ ಕಾವೇರಿ ಎಕ್ಸ್‌ಪ್ರೆಸ್ ಇದೆ. ವೀಣೆ, ತಂಬೂರಿ, ಮೃದಂಗ ಹೊತ್ತವರಿಗೆ ವಿಮಾನಕ್ಕಿಂತ ರೈಲೇ ನೆಮ್ಮದಿ. ಆದರೂ ವಿಮಾನದ ಟಿಕೆಟ್ ಕೊಡಬೇಕಾಗುವುದು ಏಕೆಂದರೆ ದಿನಾಂಕ ಖಚಿತವಾಗುವುದು ತಡವಾಗಿ. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 60 ದಿನ ಮುಂಚೆ ತೆರೆಯುತ್ತದೆ. ಆ ಬೆಳಿಗ್ಗೆ ಟಿಕೆಟ್ ಮಾಡಲು ಕಲಾವಿದರ ಹೆಸರು, ವಯಸ್ಸು, ವಾದ್ಯ ಎಲ್ಲ ನಿಮ್ಮ ಕೈಯಲ್ಲಿರಬೇಕು. 60 ದಿನದ ಗಡಿ ಮೇಲೆ ಹೇಳಿದ್ದು ಇದಕ್ಕೇ.

ಒಂದೇ ಪ್ರಯಾಣದಲ್ಲಿ ಎರಡು ಮೂರು ಕಚೇರಿ ಕೂಡಿಬರುವಂತೆ ನೆರೆಯ ಸಭೆಗಳೊಡನೆ ಮಾತಾಡಿ. ಬೆಂಗಳೂರಿನಲ್ಲಿ ಹಾಡಿದವರು ಮರುದಿನ ಮೈಸೂರಿನಲ್ಲಿ, ಅದರ ಮರುದಿನ ಶಿವಮೊಗ್ಗದಲ್ಲಿ ಹಾಡಬಹುದು. ಇದಕ್ಕೆ ಅಡ್ಡ ಬರುವುದು ಸಭೆಗಳ ನಡುವಿನ ಪೈಪೋಟಿಯೇ ಹೊರತು ರೈಲ್ವೆ ವೇಳಾಪಟ್ಟಿಯಲ್ಲ. "ನಮ್ಮಲ್ಲಿ ಹಾಡುವ ಮುನ್ನ ಊರಲ್ಲಿ ಬೇರೆಲ್ಲೂ ಹಾಡಬಾರದು" ಎಂಬ ಷರತ್ತು ಹಾಕುವ ಸಭೆಗಳು ಆ ಷರತ್ತನ್ನು ಕೈಬಿಡುವುದು ಒಳ್ಳೆಯದು. ಪಕ್ಕವಾದ್ಯಕ್ಕೆ ಸ್ಥಳೀಯರನ್ನು ಕರೆದರೆ ಪ್ರಯಾಣವೂ ಉಳಿಯುತ್ತದೆ, ಊರಿನ ವಿದ್ವಾಂಸರಿಗೆ ವೇದಿಕೆಯೂ ಸಿಗುತ್ತದೆ. ಆದರೆ ಗಾಯಕರನ್ನು ಕೇಳದೆ ಇದನ್ನು ಮಾಡಬೇಡಿ.

## ಹಂತ 5: ವಿದ್ಯುತ್ತು ಮತ್ತು ಧ್ವನಿ

ಶಾಮಿಯಾನದ ಉತ್ಸವಗಳು ಜನರೇಟರನ್ನೇ ಮುಖ್ಯ ವಿದ್ಯುತ್ತಾಗಿ ಓಡಿಸುವುದು ಅಭ್ಯಾಸಬಲದಿಂದ. ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರ ಮೂಲಕ ಬೆಸ್ಕಾಂ ಅಥವಾ ನಿಮ್ಮ ಭಾಗದ ಕಂಪನಿಗೆ ತಾತ್ಕಾಲಿಕ ಸಂಪರ್ಕಕ್ಕೆ ಒಂದು ತಿಂಗಳ ಮುಂಚೆ ಅರ್ಜಿ ಹಾಕಿ. ಒಂದು ಲೀಟರ್ ಡೀಸೆಲ್‌ನಿಂದ ಹೆಚ್ಚೆಂದರೆ ಮೂರು, ಮೂರೂವರೆ ಯೂನಿಟ್ ಬರುತ್ತದೆ. ಇವತ್ತಿನ ಡೀಸೆಲ್ ಬೆಲೆಗೆ ಭಾಗಿಸಿ ನೋಡಿದರೆ ಖಜಾಂಚಿಯವರು ತಾವೇ ಅರ್ಜಿ ಬರೆಯುತ್ತಾರೆ.

ಜನರೇಟರ್ ಬೇಕೇ ಬೇಕೆಂದರೆ ವಿದ್ಯುತ್ತು ಹೋದಾಗಿನ ಆಸರೆಯಾಗಿ ಇರಲಿ. ಹೊರೆ ಎಷ್ಟೆಂದು ಕೂಡಿಸಿದ ಮೇಲೆ ಗಾತ್ರ ನಿರ್ಧರಿಸಿ. ಸಣ್ಣ ಹೊರೆಗೆ ದೊಡ್ಡ ಯಂತ್ರ ತಂದರೆ ಯೂನಿಟ್ಟಿಗೆ ಡೀಸೆಲ್ ಹೆಚ್ಚು ಸುಡುತ್ತದೆ, ಎಂಜಿನ್ನಿನಲ್ಲಿ ಮಸಿ ಕಟ್ಟುತ್ತದೆ. ಹೊರೆ ಇಳಿಸುವ ಸುಲಭ ಜಾಗ ವೇದಿಕೆಯ ದೀಪ. ಕುಳಿತು ಹಾಡುವ ನಾಲ್ಕೈದು ಜನರಿಗೆ 1,000 ವಾಟ್‌ನ ಹ್ಯಾಲೊಜೆನ್ ದೀಪಗಳ ಸಾಲು ಬೇಡ. ಎಲ್‌ಇಡಿ ದೀಪಗಳಾದರೆ ಶ್ರುತಿ ಮಾಡಿದ ತಂತಿಗಳೂ ಶಾಖಕ್ಕೆ ಇಳಿಯುವುದಿಲ್ಲ, ಪಿಟೀಲಿನವರು ಮೊದಲು ಧನ್ಯವಾದ ಹೇಳುತ್ತಾರೆ.

ರಸ್ತೆಯ ಕಡೆ ಮುಖ ಮಾಡಿದ ಧ್ವನಿವರ್ಧಕಗಳನ್ನು ತೆಗೆಸಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಹಗಲಿನ ಮಿತಿ 55 ಡೆಸಿಬೆಲ್, ಬಯಲಿನಲ್ಲಿ ರಾತ್ರಿ ಹತ್ತರ ನಂತರ ಧ್ವನಿವರ್ಧಕ ಹಾಕುವಂತಿಲ್ಲ. ಮುಂದೆ ಎರಡು ಭಾರಿ ಪೆಟ್ಟಿಗೆ ಇಟ್ಟು ಅಬ್ಬರಿಸುವ ಬದಲು ಸಭಿಕರ ನಡುವೆ ಅಲ್ಲಲ್ಲಿ ಚಿಕ್ಕ ಪೆಟ್ಟಿಗೆಗಳನ್ನಿಟ್ಟರೆ ಹಿಂದಿನ ಸಾಲಿಗೂ ಸಾಹಿತ್ಯ ಕೇಳುತ್ತದೆ. ನಿಸ್ತಂತು ಮೈಕಿಗೆ ದಿನವೂ ಹೊಸ ಸೆಲ್ಲು ಹಾಕಿ ಹಳೆಯದನ್ನು ವೇದಿಕೆಯ ಕೆಳಗೆ ಉರುಳಿಸುವುದು ಧ್ವನಿಯವರ ಚಾಳಿ. ಮರುಚಾರ್ಜ್ ಆಗುವ ಸೆಲ್ಲುಗಳನ್ನು ಒಪ್ಪಂದದಲ್ಲೇ ಕೇಳಿ.

## ಹಂತ 6: ವೇದಿಕೆ, ಹಾರ, ಶಾಲು, ವಾದ್ಯ

ಹಿಂಪರದೆ ಬಟ್ಟೆಯದಿರಲಿ, ಅದರ ಮೇಲೆ ಇಸವಿಯಾಗಲಿ "ಇಷ್ಟನೇ ವರ್ಷ" ಎಂಬುದಾಗಲಿ ಬೇಡ. ಬದಲಾಗುವ ಸಂಖ್ಯೆಯನ್ನು ಬೇರೆ ತುಂಡಿನಲ್ಲಿ ಬರೆಸಿ ಪಿನ್ನು ಮಾಡಿದರೆ ಪರದೆ ವರ್ಷಗಟ್ಟಲೆ ಬಾಳುತ್ತದೆ. ಹೂವಿನ ಅಲಂಕಾರದವರು ಹಸಿರು ಬಣ್ಣದ, ನೀರು ಹೀರುವ ಸ್ಪಂಜಿನ ಇಟ್ಟಿಗೆಗೆ ಹೂ ಚುಚ್ಚುತ್ತಾರೆ. ಅದು ಪ್ಲಾಸ್ಟಿಕ್, ಪುಡಿಯಾಗಿ ಗೊಬ್ಬರಕ್ಕೆ ಸೇರಿದರೆ ತೆಗೆಯಲಾಗದು. ಹಿತ್ತಾಳೆ ಉರುಳಿಯಲ್ಲಿ ನೀರು ತುಂಬಿ ಸೇವಂತಿಗೆ, ಸುಗಂಧರಾಜ ತೇಲಿಬಿಟ್ಟರೆ ಸಾಕಷ್ಟು ಚೆಂದ.

ಹಾರಕ್ಕೆ ಬಾಳೆನಾರು ಅಥವಾ ಹತ್ತಿಯ ದಾರ, ಜರಿ ಕಾಗದ ಬೇಡ. ಹಾವೇರಿಯ ಏಲಕ್ಕಿ ಹಾರ, ಖಾದಿ ನೂಲಿನ ಹಾರ ಮನೆಗೆ ಹೋಗಿ ಉಳಿಯುತ್ತವೆ. ಶಾಲಿನ ಬಗ್ಗೆ ಎಲ್ಲರಿಗೂ ಗೊತ್ತಿರುವ, ಯಾರೂ ಹೇಳದ ಮಾತೊಂದಿದೆ: ಹಿರಿಯ ವಿದ್ವಾಂಸರ ಬೀರು ತುಂಬ ಮಡಿಕೆ ಬಿಚ್ಚದ ಶಾಲುಗಳೇ. ಒಪ್ಪಿಗೆ ಪತ್ರದಲ್ಲಿಯೇ "ಗೌರವವಾಗಿ ಏನು ಇಷ್ಟ: ಪುಸ್ತಕ, ಹಣ್ಣು, ಖಾದಿ ಪಂಚೆ, ಸಂಭಾವನೆಗೇ ಸೇರಿಸಿ" ಎಂದು ಕೇಳಿಬಿಡಿ. ಬಹುಪಾಲು ಜನ ಕೊನೆಯದನ್ನು ಆರಿಸಿದರೆ ಅಚ್ಚರಿಪಡಬೇಡಿ.

ಸಸಿ ಕೊಡುವ ಹೊಸ ಪದ್ಧತಿಗೆ ನನ್ನ ವಿರೋಧವಿದೆ. ರಾತ್ರಿ ರೈಲು ಹತ್ತುವ ಕಲಾವಿದರು ಒಂದು ಕೈಯಲ್ಲಿ ಪಿಟೀಲು, ಇನ್ನೊಂದರಲ್ಲಿ ಸಂಪಿಗೆ ಸಸಿ ಹಿಡಿದು ಏನು ಮಾಡಬೇಕು? ಹೋಟೆಲ್ ಕೋಣೆಯಲ್ಲಿ ಒಣಗುವ ಸಸಿ ಪರಿಸರ ಸೇವೆಯಲ್ಲ. ನೆಡುವ ಆಸೆಯಿದ್ದರೆ ಸಭೆಯ ಆವರಣದಲ್ಲಿ ನೆಟ್ಟು, ನೀರು ಹಾಕುವವರಿಗೆ ಸಂಬಳ ಕೊಡಿ.

ಬಹುಮಾನವಾಗಿ ವಾದ್ಯ ಕೊಡುವ ಸಭೆಗಳು ಒಂದು ಕಡೆ ಎಚ್ಚರವಾಗಿರಬೇಕು. ಕೈಯಲ್ಲಿ ಹಿಡಿದು ಬಾರಿಸುವ ಚಿಕ್ಕ ತಾಳವಾದ್ಯವಾದ ಖಂಜಿರಕ್ಕೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ. ಅದರ ಚರ್ಮ ಕೊಳ್ಳುವುದು, ಮಾರುವುದು ಮೂರರಿಂದ ಏಳು ವರ್ಷ ಸೆರೆವಾಸದ ಅಪರಾಧ. "ಹಳೆಯ ದಾಸ್ತಾನು" ಎಂಬ ಸಮಜಾಯಿಷಿ ಕೇಳಿಬಂದರೆ ಅಂಗಡಿಯಿಂದ ಹೊರಡಿ. ಆಡಿನ ಚರ್ಮದ ಮತ್ತು ಕೃತಕ ಹಾಳೆಯ ಖಂಜಿರಗಳು ಈಗ ಸಿಗುತ್ತವೆ. ವೀಣೆಯ ಕೆತ್ತನೆಯಲ್ಲಿ ಜಿಂಕೆ ಕೊಂಬು, ದಂತವಿದೆಯೇ ಎಂದೂ ಕೇಳಿ. ಹೊರದೇಶದ ಕನ್ನಡ ಸಂಘಗಳ ಆಹ್ವಾನದ ಮೇಲೆ ವಾದ್ಯ ಹೊತ್ತು ಹೋಗುವವರಿಗೆ ಇದು ವಿಮಾನ ನಿಲ್ದಾಣದಲ್ಲಿ ನಿಜವಾದ ತೊಡಕಾಗಬಹುದು. ಬೀಟೆ ಮರದ ಕುಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದ್ದರೂ, ತಯಾರಾದ ವಾದ್ಯಗಳಿಗೆ 2019ರ ಕೊನೆಯಿಂದ ವಿನಾಯಿತಿ ಇದೆ. ದಂತಕ್ಕೆ ಅಂಥ ವಿನಾಯಿತಿ ಇಲ್ಲ.

## ಹಂತ 7: ನೀರು, ಪಾನಕ, ಕೋಸಂಬರಿ, ಕಾಫಿ

ಹೆಚ್ಚಿನ ಸಭೆಗಳು ಸೋಲುವುದು ಈ ಹಂತದಲ್ಲಿ. ಆದ್ದರಿಂದ ನಿಧಾನವಾಗಿ ಓದಿ.

ಮೊದಲು ಕಾಗದದ ಲೋಟದ ಭ್ರಮೆ ಬಿಡಬೇಕು. ಅದರ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಲೇಪವಿರುತ್ತದೆ, ಇಲ್ಲದಿದ್ದರೆ ಕಾಫಿ ಸೋರುತ್ತದೆ. ಕಾಗದದವರಿಗೂ ಬೇಡ, ಗೊಬ್ಬರಕ್ಕೂ ಬೇಡವಾದ ವಸ್ತು ಅದು. "ಕೊಳೆಯುವ ಪ್ಲಾಸ್ಟಿಕ್" ಎಂದು ಮಾರುವ ಲೋಟಗಳೂ ಕಾರ್ಖಾನೆ ಮಟ್ಟದ ಶಾಖವಿರುವ ಗೊಬ್ಬರ ಘಟಕದಲ್ಲಿ ಕೊಳೆಯುತ್ತವೆಯೇ ಹೊರತು ನಿಮ್ಮ ಗುಂಡಿಯಲ್ಲಲ್ಲ. ಎಲೆಯ ದೊನ್ನೆ, ತಟ್ಟೆಗಳಲ್ಲೂ ಮೋಸವಿದೆ. ಯಂತ್ರದಲ್ಲಿ ಒತ್ತಿದ ಕೆಲವಕ್ಕೆ ಒಳಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಕೊಳ್ಳುವ ಮುನ್ನ ಒಂದನ್ನು ಹರಿದು ನೋಡಿ. ಪಾರದರ್ಶಕ ಪೊರೆ ಎಳೆದಷ್ಟೂ ಹಿಗ್ಗಿದರೆ ಬೇಡ. ಕಡ್ಡಿ ಚುಚ್ಚಿದ ಮುತ್ತುಗದ ದೊನ್ನೆ, ಅಡಿಕೆ ಹಾಳೆಯ ತಟ್ಟೆ ಒಳ್ಳೆಯವು. ಕೋಸಂಬರಿಗೆ ಅಂಗೈಯಗಲದ ಬಾಳೆ ಎಲೆಯ ತುಂಡೇ ಸಾಕು.

ನೀರು, ಪಾನಕ, ನೀರುಮಜ್ಜಿಗೆ, ಕಾಫಿಗೆ ಸ್ಟೀಲ್ ಲೋಟ. ಪಾತ್ರೆ ಬಾಡಿಗೆ ಅಂಗಡಿಗಳಲ್ಲಿ ಸಿಗುತ್ತದೆ. ಬೆಂಗಳೂರಿನ ಅದಮ್ಯ ಚೇತನದಂತಹ ಸಂಸ್ಥೆಗಳು ತಟ್ಟೆ ಬ್ಯಾಂಕ್‌ಗಳನ್ನೂ ನಡೆಸುತ್ತವೆ. ಎಷ್ಟು ಬೇಕು? ಇಡೀ ಸಂಜೆಯ ಲೆಕ್ಕ ಬೇಡ, ನೂಕುನುಗ್ಗಲಿನ ಹದಿನೈದು ನಿಮಿಷದ ಲೆಕ್ಕ ಬೇಕು. 400 ಜನ ಒಟ್ಟಿಗೆ ಏಳುತ್ತಾರೆಂದರೆ 500 ಲೋಟ. ಮೊದಲು ಕುಡಿದವರ ಲೋಟ ತೊಳೆದು ಬರುವಷ್ಟರಲ್ಲಿ ಕಡೆಯವರಿಗೆ ಕೊರತೆಯಾಗಬಾರದು. ಕೊರತೆಯಾದ ಆ ಐದು ನಿಮಿಷದಲ್ಲೇ ಯಾರೋ ಓಡಿಹೋಗಿ ಕಾಗದದ ಲೋಟದ ಕಟ್ಟು ತರುತ್ತಾರೆ, ಅಲ್ಲಿಗೆ ನಿರ್ಣಯ ಮುರಿಯಿತು.

ತೊಳೆಯುವ ಜಾಗಕ್ಕೆ ನಾಲ್ಕು ಟಬ್ಬು ಸಾಲಾಗಿ: ಮಿಕ್ಕಿದ್ದನ್ನು ಚೆಲ್ಲಲು ಒಂದು, ಸೋಪಿನ ನೀರು, ಜಾಲಿಸುವ ನೀರು, ಕೊನೆಗೆ ಕುದಿಸಿದ ಬಿಸಿ ನೀರು. ನಂತರ ಬಿದಿರಿನ ಚಾಪೆ ಅಥವಾ ತಂತಿಯ ಸ್ಟ್ಯಾಂಡಿನ ಮೇಲೆ ಬೋರಲು. ಬಟ್ಟೆಯಿಂದ ಒರೆಸುವುದು ಬೇಡ, ಒಂದೇ ಒದ್ದೆ ಬಟ್ಟೆ ಎಲ್ಲ ಲೋಟಕ್ಕೂ ಕೊಳೆ ಹಂಚುತ್ತದೆ. ಜಾಲಿಸುವ ನೀರನ್ನು ಆಗಾಗ ಬದಲಿಸಬೇಕು. ಲೋಟಕ್ಕೆ ಅರ್ಧ ಲೀಟರ್‌ನಂತೆ ನೀರು ಕೂಡಿಟ್ಟುಕೊಳ್ಳಿ. ಮಾರ್ಚ್, ಏಪ್ರಿಲ್‌ನಲ್ಲಿ ಟ್ಯಾಂಕರ್ ಕೊನೆಯ ಗಳಿಗೆಯಲ್ಲಿ ಸಿಗುವುದಿಲ್ಲ. ತೊಳೆಯಲು ಕೂಲಿ ಕೊಟ್ಟು ಇಬ್ಬರನ್ನು ನೇಮಿಸಿ. ಸ್ವಯಂಸೇವಕರು ಮೊದಲ ದಿನ ಉತ್ಸಾಹದಿಂದ ತೊಳೆಯುತ್ತಾರೆ, ಮೂರನೆಯ ದಿನ ಕಲ್ಯಾಣಿ ರಾಗದ ಆಲಾಪನೆ ಕೇಳಿಸಿದರೆ ಒಳಗೆ ಹೋಗಿ ಕೂರುತ್ತಾರೆ. ಅವರನ್ನು ದೂರುವುದು ನ್ಯಾಯವಲ್ಲ.

ಲೋಟ ಹಿಂದಿರುಗಿಸುವ ಟಬ್ಬು ಬಡಿಸುವ ಮೇಜಿನಿಂದ ಹತ್ತು ಹದಿನೈದು ಹೆಜ್ಜೆ ಮುಂದೆ, ಸಭಾಂಗಣಕ್ಕೆ ಮರಳುವ ದಾರಿಯಲ್ಲೇ ಇರಬೇಕು. ಹೊರಬಾಗಿಲ ಬಳಿ ಇಟ್ಟರೆ ಲೋಟಗಳು ಕುರ್ಚಿಯ ಕೆಳಗೆ ಉಳಿಯುತ್ತವೆ, ರಾತ್ರಿ ಒಂದೊಂದೇ ಕಾಲಿಗೆ ತಾಕಿ ಉರುಳುತ್ತವೆ, ಅದೂ ತಾರಸ್ಥಾಯಿಯ ನಿಲುಗಡೆಯಲ್ಲೇ. ಪಾನಕದ ಬೆಲ್ಲಕ್ಕೆ ನೊಣ, ಇರುವೆ ಮುತ್ತುವುದರಿಂದ ಚೆಲ್ಲುವ ಟಬ್ಬಿಗೆ ಮುಚ್ಚಳ ಬೇಕು.

ಕುಡಿಯುವ ನೀರಿಗೆ 20 ಲೀಟರ್ ಕ್ಯಾನುಗಳು. ಒಂದು ಕ್ಯಾನು ಅರ್ಧ ಲೀಟರಿನ 40 ಬಾಟಲಿಗಳಿಗೆ ಸಮ. ವೇದಿಕೆಯ ಮೇಲೆ ಪ್ಲಾಸ್ಟಿಕ್ ಬಾಟಲಿ ಇಡುವ ಪದ್ಧತಿಯನ್ನು ಮೊದಲು ನಿಲ್ಲಿಸಿ, ಛಾಯಾಚಿತ್ರದಲ್ಲಿ ಕಾಣುವುದು ಅದೇ. ಗಾಯಕರು ಹೇಗೂ ತಮ್ಮ ಬಿಸಿನೀರಿನ ಫ್ಲಾಸ್ಕ್ ತರುತ್ತಾರೆ. ಪಕ್ಕವಾದ್ಯದವರಿಗೆ ಮುಚ್ಚಳವಿರುವ ತಾಮ್ರದ ಅಥವಾ ಸ್ಟೀಲ್ ಚೊಂಬು ಇಡಿ.

ಅಪಾಯದ ಸೂಚನೆ: ಎರಡನೆಯ ದಿನ ಅಡುಗೆಯವರ ಹಿಂಬದಿಯಲ್ಲಿ ಒಡೆಯದ ಕಾಗದದ ಲೋಟದ ಪೆಟ್ಟಿಗೆ ಕಂಡರೆ ಅದು "ಇರಲಿ ಎಂದು" ತಂದದ್ದು. ಅಂದೇ ವಾಪಸು ಕಳಿಸಿ. ಇರಲಿ ಎಂದು ತಂದದ್ದು ಬಳಕೆಯಾಗದೆ ಉಳಿದ ಉದಾಹರಣೆ ಯಾವ ಉತ್ಸವದಲ್ಲೂ ಇಲ್ಲ.

## ಹಂತ 8: ಈಗ ಡಬ್ಬಿಗಳು

ಹಿಂದಿನ ಏಳು ಹಂತ ನೆಟ್ಟಗಾಗಿದ್ದರೆ ಇಲ್ಲಿಗೆ ಬರುವ ಕಸ ಸ್ವಲ್ಪವೇ: ಎಲೆ, ಹೂ, ಹಣ್ಣಿನ ಸಿಪ್ಪೆ, ಒಂದಿಷ್ಟು ಕಾಗದ, ರಸಿಕರು ಚೀಲದಲ್ಲಿ ತಂದ ಬಿಸ್ಕತ್ತಿನ ಹೊದಿಕೆ. ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ, ಶೌಚಾಲಯದ ಬಳಿ ಕೆಂಪು. ಮೂರನ್ನೂ ಒಟ್ಟಿಗೇ ಇಡಿ. ಒಂಟಿಯಾಗಿ ನಿಂತ ಡಬ್ಬಿಗೆ ಜನ ಎಲ್ಲವನ್ನೂ ಹಾಕುತ್ತಾರೆ. ಬರಹಕ್ಕಿಂತ ನಿಜವಾದ ವಸ್ತುವನ್ನೇ ಡಬ್ಬಿಯ ಮೇಲೆ ಕಟ್ಟಿ ತೋರಿಸುವುದು ಒಳ್ಳೆಯದು: ಹಸಿರಿಗೊಂದು ದೊನ್ನೆ, ನೀಲಿಗೊಂದು ಹೊದಿಕೆ. ಮಧ್ಯಂತರದಲ್ಲಿ ಪಕ್ಕದಲ್ಲಿ ಒಬ್ಬರು ನಿಂತಿರಲಿ. ಮೈಕಿನ ಪ್ರಕಟಣೆಯನ್ನು ಯಾರೂ ಕೇಳುವುದಿಲ್ಲ, ಆ ಹೊತ್ತಿಗೆ ಎಲ್ಲರೂ ಈಗಷ್ಟೇ ಮುಗಿದ ರಾಗದ ಚರ್ಚೆಯಲ್ಲಿರುತ್ತಾರೆ.

ಪರವಾನಗಿ ಇಲ್ಲದ ಜಾಗದಲ್ಲಿ 100ಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವಾದರೆ ಕನಿಷ್ಠ ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸವನ್ನು ಬೇರ್ಪಡಿಸಿಯೇ ಒಪ್ಪಿಸಬೇಕು ಎಂಬ ಷರತ್ತು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಬಂದಿದೆ. ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ವಾರ್ಡಿನ ಪೌರಕಾರ್ಮಿಕರನ್ನು, ಒಣ ಕಸ ಸಂಗ್ರಹ ಕೇಂದ್ರದವರನ್ನು ಉತ್ಸವಕ್ಕೆ ಒಂದು ವಾರ ಇರುವಾಗ ಕಂಡು ಲಾರಿ ಬರುವ ವೇಳೆ ಕೇಳಿಕೊಳ್ಳಿ. ಬೇರ್ಪಡಿಸಿದ ಕಸ ರಾತ್ರಿಯಿಡೀ ಹೊರಗಿದ್ದರೆ ನಾಯಿಗಳು ಬೆಳಗಾಗುವಷ್ಟರಲ್ಲಿ ಅದನ್ನು ಒಂದುಗೂಡಿಸಿರುತ್ತವೆ.

ಹೂ, ಎಲೆಗಳನ್ನು ಸಭೆಯ ಆವರಣದಲ್ಲೇ ಗೊಬ್ಬರ ಮಾಡಬಹುದು. ಹಾರದ ದಾರ ಕತ್ತರಿಸಿ ತೆಗೆದು, ಒಂದು ಪದರ ಹೂ-ಎಲೆ, ಅಷ್ಟೇ ದಪ್ಪದ ಪದರ ಒಣ ಎಲೆ ಅಥವಾ ನಾರಿನ ಪುಡಿ ಹಾಕಿ, ಹುಳಿ ಮಜ್ಜಿಗೆ ಇಲ್ಲವೇ ಸಗಣಿ ನೀರು ಚಿಮುಕಿಸಿ. ವಾರಕ್ಕೊಮ್ಮೆ ಮಗುಚಿದರೆ ಒಂದೂವರೆ, ಎರಡು ತಿಂಗಳಿಗೆ ಮಣ್ಣಿನ ವಾಸನೆ ಬರುತ್ತದೆ. ಕೊಳೆತ ನಾತ ಬಂದರೆ ತೇವ ಹೆಚ್ಚಾಗಿದೆ, ಒಣ ಪದರ ಸೇರಿಸಿ. ಎಣ್ಣೆ, ಉಪ್ಪಿನ ಅಡುಗೆ ಮಿಕ್ಕರೆ ಗುಂಡಿಗೆ ಬೇಡ. ಅದು ಮಿಗದಂತೆ ಮೊದಲೇ ಅಳತೆ ಇಳಿಸಬೇಕು.

## ಹಂತ 9: ತೂಕ ಮತ್ತು ಲೆಕ್ಕ

ಪ್ರತಿ ರಾತ್ರಿ ಚೀಲಗಳನ್ನು ತಕ್ಕಡಿಗೆ ಹಾಕಿ ಹಸಿ, ಒಣ, ಉಳಿದದ್ದು ಎಂದು ಮೂರು ಅಂಕಿ ಬರೆಯಿರಿ. ಡೀಸೆಲ್ ಲೀಟರು, ವಿದ್ಯುತ್ ಯೂನಿಟ್ಟು, ನಿಂತ ಕಾರುಗಳ ಸಂಖ್ಯೆ, ಕಳೆದುಹೋದ ಲೋಟಗಳ ಸಂಖ್ಯೆ ಅದೇ ಪುಟದಲ್ಲಿ. ಮೊದಲ ವರ್ಷ ಅಂಕಿಗಳು ಮುಜುಗರ ತರಬಹುದು, ತಿದ್ದಬೇಡಿ. ವಾರ್ಷಿಕ ಸಭೆಯ ಲೆಕ್ಕಪತ್ರದಲ್ಲಿ ಜಮಾ-ಖರ್ಚಿನ ಕೆಳಗೆ ಇವನ್ನೂ ಮುದ್ರಿಸಿದರೆ ಮುಂದಿನ ಕಾರ್ಯದರ್ಶಿ ಯಾರೇ ಬಂದರೂ ಹಿಂದೆ ಸರಿಯುವುದು ಕಷ್ಟ.

ಬಾಡಿಗೆ ಲೋಟ ಹಿಂದಿರುಗಿಸುವಾಗ ಅಂಗಡಿಯವರ ಎದುರಿಗೇ ಎಣಿಸಿ ರಸೀದಿ ಪಡೆಯಿರಿ. ಕೆಲವು ಕಾಣೆಯಾಗಿಯೇ ಇರುತ್ತವೆ, ಅದರ ದಂಡವನ್ನು ಬಜೆಟ್‌ನಲ್ಲಿ ಮೊದಲೇ ಸೇರಿಸಿಡಿ. ತೊಳೆದ ಇಬ್ಬರಿಗೂ ಕಸ ಒಯ್ದ ಪೌರಕಾರ್ಮಿಕರಿಗೂ ಹಣ ಅಂದೇ ಸಂದಾಯವಾಗಲಿ. ಗುತ್ತಿಗೆದಾರರ ಕೊನೆಯ ಕಂತು ಮಾತ್ರ ಮೈದಾನದ ಸುತ್ತ ಒಮ್ಮೆ ಅವರ ಜೊತೆಯಲ್ಲೇ ನಡೆದು ಬಂದ ಮೇಲೆ.